ನವೆಂಬರ್ ಒಂದರ ಕರಿಹಲಗೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನ ನಮ್ಮೂರ ವಾಚನಾಲಯದ ಜಗಲಿಯಲ್ಲಿ ಒಂದು ಕರಿಹಲಗೆ ಇದೆ. ನಿವೃತ್ತ ಕನ್ನಡ ಮಾಷ್ಟ್ರೊಬ್ಬರು ದಿನವೂ ಬೆಳಗ್ಗೆ ಅದರ ಮೇಲೆ ಆ ದಿನದ ವಿಶೇಷವನ್ನು ಮುತ್ತಿನಂಥ ಅಕ್ಷರಗಳಲ್ಲಿ ಬರೆಯುತ್ತಾರೆ. ವರ್ಷವಿಡೀ ಸಾಕಾಗುವ ಆ ಹಲಗೆ ನವೆಂಬರ್ 1ರಂದು ಮಾತ್ರ ಸಾಲುವುದಿಲ್ಲ.

1956ರ ಆ ಒಂದೇ ಮುಂಜಾನೆ ಕೇರಳ, ವಿಶಾಲ ಮೈಸೂರು, ಆಂಧ್ರಪ್ರದೇಶ, ಮಧ್ಯಪ್ರದೇಶಗಳ ಹೆರಿಗೆಯಾಯಿತು. ಮುಹೂರ್ತ ಅಷ್ಟು ಹಿಡಿಸಿತೋ ಏನೋ, 1966ರಲ್ಲಿ ಹರಿಯಾಣವೂ 2000ದಲ್ಲಿ ಛತ್ತೀಸ್‌ಗಢವೂ ಅದೇ ತಾರೀಕಿಗೆ ಹುಟ್ಟಿದವು; ದಿಲ್ಲಿಗೆ ಜೋಯಿಸರು ಒಬ್ಬರೇ ಇರಬೇಕು. 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದರೆ, ಅದೇ ದಿನ ಮಂಗಳೂರಿನಲ್ಲಿ ಐಶ್ವರ್ಯಾ ರೈ ಹುಟ್ಟಿದರು. ಪೇಪರು ಓದಲು ಬರುವ ಹುಡುಗರಿಗೆ ಇವೆರಡರಲ್ಲಿ ಯಾವುದು ನೆನಪಿದೆಯೆಂದು ಕೇಳಿನೋಡುವ ಧೈರ್ಯ ಮಾಷ್ಟ್ರಿಗೆ ಇಲ್ಲ. ಸಾಲದೆಂಬಂತೆ ಕ್ರೈಸ್ತರ ಸಕಲ ಸಂತರ ಹಬ್ಬವೂ ಅಂದೇ, 1994ರಿಂದ ವಿಶ್ವ ವೀಗನ್ ದಿನವೂ ಅಂದೇ. ಹಾಲು, ತುಪ್ಪ ಯಾವುದನ್ನೂ ಮುಟ್ಟದವರ ದಿನವಿದು ಎಂದು ವಿವರಿಸಿದಾಗ, ಜಗಲಿಯಲ್ಲಿ ಕುಳಿತಿದ್ದ ಹಿರಿಯರೊಬ್ಬರು, “ಮಜ್ಜಿಗೆಯೂ ಇಲ್ಲವೋ ಮಾಷ್ಟ್ರೇ?” ಎಂದು ಕೇಳಿ, ಅವರನ್ನೂ ಸಂತರ ಸಾಲಿಗೇ ಸೇರಿಸಿಬಿಟ್ಟರು.

ಹುಟ್ಟಿದ ದಿನವನ್ನು ಬದಲಾಯಿಸಲಾಗದು ಎಂದು ನಾವು ಇಷ್ಟು ಕಾಲ ನಂಬಿದ್ದೆವು. ತಮಿಳುನಾಡು 2019ರಲ್ಲಿ ನವೆಂಬರ್ 1ನ್ನು ನಾಡದಿನವೆಂದು ಆಚರಿಸಿತು. 2021ರಲ್ಲಿ ಬಂದ ಹೊಸ ಸರ್ಕಾರವು, ತಮಿಳುನಾಡೆಂಬ ಹೆಸರಿಗಾಗಿ 1967ರಲ್ಲಿ ನಿರ್ಣಯ ಅಂಗೀಕರಿಸಿದ ಜುಲೈ 18ನೇ ತಾರೀಕೇ ನಿಜವಾದ ನಾಡದಿನವೆಂದು ಸಾರಿತು. 2014ರಲ್ಲಿ ತೆಲಂಗಾಣ ಬೇರೆಯಾದ ಮೇಲೆ ಆಂಧ್ರವು ಕೆಲವು ವರ್ಷ ತನ್ನ ನವೆಂಬರ್ 1ನ್ನು ಕೈಬಿಟ್ಟು, 2019ರಲ್ಲಿ ಮತ್ತೆ ಎತ್ತಿಕೊಂಡಿತು. ಜನನ ಪತ್ರದಲ್ಲಿ ಹೆಸರಿನ ಒಂದು ದೀರ್ಘವನ್ನು ತಿದ್ದಿಸಿಕೊಳ್ಳಲು ನಾಲ್ಕು ಸಲ ಕಚೇರಿಯ ಮೆಟ್ಟಿಲು ಹತ್ತಿದ ನನಗೆ, ಹುಟ್ಟಿದ ತಾರೀಕನ್ನೇ ಚುನಾವಣೆಗೊಮ್ಮೆ ತಿದ್ದಿಸಿಕೊಳ್ಳುವ ಈ ಸೌಕರ್ಯವನ್ನು ಕಂಡು ಹೊಟ್ಟೆಕಿಚ್ಚಾಗುತ್ತದೆ.

ಇಷ್ಟೆಲ್ಲ ಬರೆದ ಮೇಲೆ ಹಲಗೆಯ ಕೆಳತುದಿಯಲ್ಲಿ ಉಳಿಯುವ ಎರಡು ಬೆರಳಿನಷ್ಟು ಜಾಗ ಕಾಸರಗೋಡಿನದು. 1956ರ ಅಕ್ಟೋಬರ್ 31ರ ರಾತ್ರಿ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಮಲಗಿದ ಕಾಸರಗೋಡು ತಾಲೂಕು ಬೆಳಗ್ಗೆ ಕೇರಳದ ಮಲಬಾರ್ ಜಿಲ್ಲೆಯಲ್ಲಿ ಎಚ್ಚರಗೊಂಡಿತು. ಎರಡು ತಿಂಗಳಿಗೆ ಮಲಬಾರ್ ಒಡೆದು, ತಾಲೂಕು ಕಣ್ಣೂರು ಜಿಲ್ಲೆಯ ಪಾಲಾಯಿತು. 1984ರ ಮೇ 24ರಂದು ತಾನೇ ಒಂದು ಜಿಲ್ಲೆಯಾಯಿತು. ಇಷ್ಟರ ನಡುವೆ ಮನೆಯಾಗಲಿ, ತೋಟವಾಗಲಿ, ನೆರೆಮನೆಯವರೊಡನೆ ಬೇಲಿಯ ತಕರಾರಾಗಲಿ ಒಂದಂಗುಲವೂ ಕದಲಲಿಲ್ಲ, ತಿರುಗಾಟವೆಲ್ಲ ವಿಳಾಸದ್ದು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಲೆಂದು, ಗಡಿ ವಿವಾದ ಬಗೆಹರಿಸಲು ನೇಮಕವಾದ ಮಹಾಜನ ಆಯೋಗವು 1967ರಲ್ಲಿ ವರದಿ ಕೊಟ್ಟಿತು. ಎಲ್ಲದಕ್ಕೂ ದಿನಾಚರಣೆ ಇರುವ ಈ ಕಾಲದಲ್ಲಿ ಆ ವರದಿಯ ಹುಟ್ಟುಹಬ್ಬವನ್ನು ಮಾತ್ರ ಯಾರೂ ಆಚರಿಸುವುದಿಲ್ಲ.

ಆದುದರಿಂದ ನವೆಂಬರ್ 1ರಂದು ನಮಗೆ ಎರಡು ಮನೆಗಳಿಂದ ಕರೆ ಬರುತ್ತದೆ. ಬೆಂಗಳೂರಿನ ಭಾವನವರು ಹಳದಿ ಕೆಂಪು ಬಾವುಟದ ಚಿತ್ರದೊಡನೆ ರಾಜ್ಯೋತ್ಸವದ ಶುಭಾಶಯ ಕಳುಹಿಸುವ ಹೊತ್ತಿಗೆ, ಮಗಳ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಕೇರಳ ಪಿರವಿಯ, ಅಂದರೆ ಕೇರಳ ಹುಟ್ಟಿದ ದಿನದ, ಆಶಂಸೆಗಳು ಸಾಲುಗಟ್ಟಿರುತ್ತವೆ; ಒಂದೇ ಹೆಬ್ಬೆರಳು ಎರಡಕ್ಕೂ ಕೈಮುಗಿದು ಬರುತ್ತದೆ. ಗಡಿಯ ತಲಪಾಡಿಯಿಂದ ಆಚೆ ಅಂದು ಸರ್ಕಾರಿ ರಜೆ, ಈಚೆ ಕೆಲಸದ ದಿನ. ಮಂಗಳೂರಿನಲ್ಲಿ ಓದುವ ನಮ್ಮ ಮಕ್ಕಳು ಕರ್ನಾಟಕ ಹುಟ್ಟಿದ್ದಕ್ಕಾಗಿ ರಜೆ ಪಡೆದು ಕೇರಳದ ಮನೆಗೆ ಬಂದು ಮಲಗಿದರೆ, ಅವರಿಗೆ ಕನ್ನಡ ಕಲಿಸಿದ ಟೀಚರು ಜರಿಯಂಚಿನ ಕಸವು ಸೀರೆಯುಟ್ಟು ಶಾಲೆಗೆ ಹೋಗಿ ಪಿರವಿಯ ಗುಂಪು ಫೋಟೋಕ್ಕೆ ನಿಲ್ಲುತ್ತಾರೆ. ಕಚೇರಿಗಳಲ್ಲಿ ಆಡಳಿತ ಭಾಷಾ ವಾರಾಚರಣೆ ಅಂದೇ ಮೊದಲಾಗುತ್ತದೆ. ಮಲಯಾಳದ ಭಾಷಾ ಪ್ರತಿಜ್ಞೆ ಓದುವಾಗ ಮನೆಯಲ್ಲಿ ಕನ್ನಡ ಅಥವಾ ತುಳು ಆಡುವ ಗುಮಾಸ್ತರು ಗೌರವದಿಂದ ಎದ್ದುನಿಂತು, ಬಾರದ ಮಂತ್ರಕ್ಕೆ ತುಟಿಯಾಡಿಸುವ ಯಜಮಾನನಂತೆ ತುಟಿಯಾಡಿಸುತ್ತಾರೆ.

ಅಂದು ಯಾರಿಗೂ ಬಿಡುವಿಲ್ಲವಾದ ಕಾರಣ ನಮ್ಮ ವಾಚನಾಲಯದಲ್ಲಿ ರಾಜ್ಯೋತ್ಸವವು ನವೆಂಬರಿನ ಯಾವುದಾದರೊಂದು ಭಾನುವಾರ, ಅತಿಥಿಗಳ ಅನುಕೂಲ ನೋಡಿಕೊಂಡು ನಡೆಯುತ್ತದೆ. ಕಳೆದ ಸಲ ಗಡಿಯಾಚೆಯಿಂದ ಬಂದ ಗಣ್ಯರು ಕಾಸರಗೋಡಿನ ಒಂದಿಂಚು ನೆಲವನ್ನೂ ಬಿಟ್ಟುಕೊಡುವುದಿಲ್ಲವೆಂದು ಮುಕ್ಕಾಲು ಗಂಟೆ ಗುಡುಗಿದರು. ಹೊರಗೆ ತುಲಾ ತಿಂಗಳ ಮಳೆಯೂ ಗುಡುಗುತ್ತಿದ್ದುದರಿಂದ ಇಬ್ಬರ ಮಾತೂ ಸರಿಯಾಗಿ ಕೇಳಿಸಲಿಲ್ಲ. ಮಾಷ್ಟ್ರು ಧನ್ಯವಾದ ಸಮರ್ಪಿಸಿದರು. ಶಾಲು, ಅಡಿಕೆ ಹಾಳೆಯ ತಟ್ಟೆಯಲ್ಲಿ ಉಪಾಹಾರ, ಫೋಟೋ ಎಲ್ಲ ಮುಗಿದು ಕಾರು ಹತ್ತುವ ಮುನ್ನ ಗಣ್ಯರು, ಮೂವತ್ತು ವರ್ಷ ಹಳಗನ್ನಡ ಪಾಠ ಹೇಳಿದ ಆ ಮಾಷ್ಟ್ರ ಬೆನ್ನು ತಟ್ಟಿ, “ಪರವಾಗಿಲ್ಲ ಸಾರ್, ಕೇರಳದವರಾಗಿಯೂ ಕನ್ನಡ ಚೆನ್ನಾಗಿ ಕಲಿತಿದ್ದೀರಿ” ಎಂದರು.