ಕಕ್ಕಡದ ಮಳೆಗೆ ಒಂದು ಕೋಣೆ ಕೊಡಿ

ಮೊನ್ನೆ ಮತ್ತೊಂದು ಕವಿಗೋಷ್ಠಿಯ ಆಮಂತ್ರಣ ಬಂತು. ಮೂವತ್ತು ಕವಿಗಳು, ಎರಡೂವರೆ ಗಂಟೆ. ಹೋಗುತ್ತೇನೆ. ನನ್ನ ಮೊದಲ ಪದ್ಯ ಓದಿದ್ದೂ ಇಂಥದೇ ಒಂದು ವೇದಿಕೆಯಲ್ಲಿ. ಮಡಿಕೇರಿ ದಸರಾದ ಬಹುಭಾಷಾ ಕವಿಗೋಷ್ಠಿ ಅಂದರೆ ನನಗೆ ಈಗಲೂ ಹೆಮ್ಮೆ. ಕನ್ನಡ, ಕೊಡವ, ಅರೆಭಾಷೆ, ತುಳು, ಎಲ್ಲ ಒಂದೇ ಮೈಕಿನಲ್ಲಿ ಕೇಳಿಸುವ ಊರು ಎಷ್ಟಿವೆ ಹೇಳಿ.

ಆದರೆ ಆ ಮೊದಲ ದಿನ ನನ್ನ ಪದ್ಯದ ನಾಲ್ಕನೇ ಸಾಲು ಸರಿಯಾಗಿ ಕೂತಿರಲಿಲ್ಲ. ಅದು ನನಗೂ ಗೊತ್ತಿತ್ತು. ಯಾರೂ ಹೇಳಲಿಲ್ಲ. ಚಪ್ಪಾಳೆ ಬಿತ್ತು, ಸ್ಮರಣಿಕೆ ಕೊಟ್ಟರು, ಬಸ್ಸು ಹತ್ತಿದೆ. ಆ ಸಾಲು ಇವತ್ತಿಗೂ ಹಾಗೇ ಇದೆ.

ಬರೆಯುವವರಿಗೆ ನಮ್ಮ ಜಿಲ್ಲೆಯಲ್ಲಿ ವೇದಿಕೆ ಕಮ್ಮಿ ಇಲ್ಲ. ಬರೆದದ್ದನ್ನು ಕೂತು ಓದಿ, "ಇಲ್ಲಿ ಎಡವಿದ್ದೀಯಮ್ಮ" ಎನ್ನುವ ಜಾಗ ಕಮ್ಮಿ.

ನಾಲ್ಕು ವರ್ಷದಿಂದ ನಾವು ಒಂಬತ್ತು ಜನ ತಿಂಗಳಿಗೊಂದು ಭಾನುವಾರ ಒಬ್ಬರ ಮನೆಯ ಜಗಲಿಯಲ್ಲಿ ಸೇರುತ್ತಿದ್ದೇವೆ. ಹೆಸರಿಲ್ಲ, ಬ್ಯಾನರ್ ಇಲ್ಲ. ಕಥೆ ತಂದವರು ಎಲ್ಲರಿಗೂ ಒಂದೊಂದು ಜೆರಾಕ್ಸ್ ಕೊಡಬೇಕು, ಆಮೇಲೆ ಸುಮ್ಮನೆ ಕೂರಬೇಕು. ಉಳಿದವರು ಪೆನ್ಸಿಲ್ ಹಿಡಿದು ಓದುತ್ತಾರೆ.

ಕಳೆದ ವರ್ಷ ಸಂಪಾಜೆ ಕಡೆಯ ಒಬ್ಬಳು ಹುಡುಗಿ ಬಂದಳು, ಡಿಗ್ರಿ ಎರಡನೇ ವರ್ಷ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಪರಿಹಾರ ಕೇಂದ್ರಕ್ಕೆ ಹೋದ ಒಬ್ಬ ಅಜ್ಜಿಯ ಕಥೆ ತಂದಿದ್ದಳು. ಮನೆ ಹೋಗಿದೆ, ತೋಟ ಹೋಗಿದೆ. ಅಜ್ಜಿ ಕೇಳುವುದು ಮಾತ್ರ ಮಳೆಗಾಲದ ಸಾರಿಗೆಂದು ಮಣ್ಣು ಮೆತ್ತಿ ಇಟ್ಟಿದ್ದ ಹಲಸಿನ ಬೀಜ ಏನಾಯಿತು ಅಂತ. ಓದುತ್ತಾ ನನ್ನ ಗಂಟಲು ಕಟ್ಟಿತು. ಆದರೆ ಅಜ್ಜಿಯ ಬಾಯಲ್ಲಿ ಪಠ್ಯಪುಸ್ತಕದ ಕನ್ನಡ ಇತ್ತು. "ನಿಮ್ಮಜ್ಜಿ ಮನೇಲಿ ಹೀಗೇ ಮಾತಾಡ್ತಾರಾ?" ಅಂತ ಕೇಳಿದೆವು. ಇಲ್ಲ, ಅರೆಭಾಷೆ ಅಂದಳು. ಮೊದಲು ಅರೆಭಾಷೆಯಲ್ಲೇ ಬರೆದಿದ್ದಳಂತೆ. ಬೇರೆ ಕಡೆ ಯಾರೋ ಹಿರಿಯರು "ಶುದ್ಧ ಮಾಡಿಕೊಂಡು ಬಾ" ಅಂದಿದ್ದರಂತೆ. ಮುಂದಿನ ತಿಂಗಳು ಅಜ್ಜಿಗೆ ಅವರ ಮಾತನ್ನು ವಾಪಸ್ ಕೊಟ್ಟು ತಂದಳು. ಅಜ್ಜಿಯ ಮಾತು ಅರ್ಧಕ್ಕೆ ಇಳಿದಿತ್ತು, ಕಥೆ ಎರಡು ಪಟ್ಟು ಬೆಳೆದಿತ್ತು. ಅವಳ ನೋಟ್‌ಬುಕ್‌ಗೆ ಹೊಗೆಯ ವಾಸನೆ. ಮಳೆಗೆ ತೊಯ್ದದ್ದನ್ನು ಒಲೆ ಮೇಲಿನ ಅಟ್ಟದಲ್ಲಿ ಒಣಗಿಸಿದ್ದಾಳೆ.

ಕಥೆಗಾರ್ತಿ ಕೊಡಗಿನ ಗೌರಮ್ಮ ತೀರಿಕೊಂಡಾಗ ಇಪ್ಪತ್ತೇಳೇ ವರ್ಷ. 1912ರಲ್ಲಿ ಹುಟ್ಟಿ 1939ರಲ್ಲಿ ನೀರಿನ ಪಾಲಾದವರು. ಸುಂಟಿಕೊಪ್ಪದ ಕಡೆಯ ಕಾಫಿ ತೋಟದ ಮನೆಯಲ್ಲಿ ಕೂತು, ಆ ಕಾಲದಲ್ಲಿ ವಿಧವೆಯರ ಬಗ್ಗೆ, ಮದುವೆಯೊಳಗಿನ ಒಂಟಿತನದ ಬಗ್ಗೆ ಬರೆದರು. ಅವರ ಬರವಣಿಗೆಯನ್ನು ಅಣ್ಣನ ಹಾಗೆ ಅಕ್ಕರೆಯಿಂದ ಕಂಡವರು ದೂರದ ಧಾರವಾಡದ ಬೇಂದ್ರೆ. ಆ ಬೇಂದ್ರೆಯವರೂ 'ಗೆಳೆಯರ ಗುಂಪು' ಕಟ್ಟಿಕೊಂಡು ಬೆಳೆದವರು. ಗೌರಮ್ಮನ ಹೆಸರಿನಲ್ಲಿ ದತ್ತಿ ಪ್ರಶಸ್ತಿ ಇದೆ, ಒಳ್ಳೆಯದೇ. ಆದರೆ ಪ್ರಶಸ್ತಿ ಬರುವುದು ಬರೆದು ಮುಗಿದ ಮೇಲೆ. ಬರೆಯುತ್ತಿರುವಾಗ ಓದುವವರು ಬೇಕು, ಅಲ್ವಾ?

ಇನ್ನೊಂದು ಮಾತು, ಕಾಲದ್ದು. ನಮ್ಮ ಸಾಹಿತ್ಯ ಕಾರ್ಯಕ್ರಮಗಳು ಜಾಸ್ತಿ ನಡೆಯುವುದು ನವೆಂಬರ್‌ನಿಂದ ಫೆಬ್ರವರಿವರೆಗೆ. 80ನೇ ಸಾಹಿತ್ಯ ಸಮ್ಮೇಳನ ಮಡಿಕೇರಿಗೆ ಬಂದದ್ದೂ 2014ರ ಜನವರಿಯಲ್ಲೇ. ಆಗ ಮಳೆ ಇರುವುದಿಲ್ಲ, ಸರಿ. ಆದರೆ ಅದೇ ಕಾಫಿ ಕೊಯ್ಲಿನ ಕಾಲ. ಅರೇಬಿಕಾ ಮುಗಿಯುವಷ್ಟರಲ್ಲಿ ರೋಬಸ್ಟಾ. ತೋಟದ ಮಾಲೀಕರಿಗೂ ಪುರುಸೊತ್ತಿಲ್ಲ, ಕೊಯ್ಯುವವರಿಗಂತೂ ಇಲ್ಲವೇ ಇಲ್ಲ. ಕಕ್ಕಡದಲ್ಲಿ ನೋಡಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ನಮ್ಮ ಜಡಿಮಳೆಯ ತಿಂಗಳಲ್ಲಿ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಹಗಲು ನಾಟಿ ಕೆಲಸ ಇದ್ದರೂ ಭಾನುವಾರ ಮಳೆ ನೋಡುತ್ತಾ ಮನೆಯಲ್ಲೇ ಕೂರುತ್ತೇವೆ. ಓದುವುದಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಇನ್ಯಾವುದು? ಆಗಲೇ ಎಲ್ಲ ಬಂದ್.

ಕೋಣೆಗಳು ಇಲ್ಲ ಅಂತಲ್ಲ. ಪಂಚಾಯಿತಿ ಗ್ರಂಥಾಲಯಗಳಿವೆ. 2020ರ ಮಕ್ಕಳ ದಿನದಂದು 'ಓದುವ ಬೆಳಕು' ಶುರುವಾಯಿತು, 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಆಸ್ತಿ ತೆರಿಗೆಯ ಜೊತೆ 100 ರೂಪಾಯಿಗೆ 6 ರೂಪಾಯಿಯಂತೆ ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ಹಾಗಿದ್ದೂ ಕಳೆದ ಮಳೆಗಾಲ ನಾನು ಹೋದ ಒಂದು ಗ್ರಂಥಾಲಯದಲ್ಲಿ ಅಲ್ಮೇರಾ ತೆರೆದರೆ ಪುಸ್ತಕಗಳ ಬೆನ್ನಿಗೆಲ್ಲ ಬಿಳಿ ಬೂಸ್ಟು. ಹಾಳೆ ಬಿಡಿಸಿದರೆ ಒಂದಕ್ಕೊಂದು ಅಂಟಿಕೊಂಡಿವೆ. ನಮ್ಮ ಅಪ್ಪ ಅಲ್ಮೇರಾದೊಳಗೆ ಒಂದು ಹಳೇ ನಲವತ್ತು ವಾಟಿನ ಬಲ್ಬು ಉರಿಸಿ ಇಡುತ್ತಿದ್ದರು. ಆ ಬಿಸಿಗೇ ಪುಸ್ತಕ ಒಣಗಿರುತ್ತಿತ್ತು. ಮಳೆಗಾಲದ ಮೊದಲು ಯಾರಾದರೂ ಇಷ್ಟು ನೋಡಿಕೊಂಡರೆ ಸಾಕಿತ್ತು.

ತೋಟದ ಕಾರ್ಮಿಕರ ಲೈನ್ ಮನೆಗಳ ಮಕ್ಕಳ ವಿಷಯ ಬೇರೆಯೇ. ಪಂಚಾಯಿತಿ ಕಟ್ಟಡ ಮೂರು-ನಾಲ್ಕು ಕಿಲೋಮೀಟರ್ ದೂರ ಇದ್ದರೆ, ಸಂಜೆ ಐದರ ಮೇಲೆ ತೋಟದ ದಾರಿಯಲ್ಲಿ ಆನೆ. ಸಂಜೆ ಏಳರವರೆಗೆ ಗ್ರಂಥಾಲಯ ತೆರೆದಿಟ್ಟರೂ ಆ ಮಕ್ಕಳನ್ನು ಯಾರು ಕಳಿಸುತ್ತಾರೆ? ಅವರಿರುವಲ್ಲಿಗೇ ಪುಸ್ತಕ ಹೋಗಬೇಕು. ಮೂವತ್ತು ಪುಸ್ತಕದ ಒಂದು ಚೀಲ, ತಿಂಗಳಿಗೊಮ್ಮೆ ಬದಲಾಯಿಸಲು ಒಬ್ಬರು. ತೋಟದ ಜೀಪು ಪೇಟೆಗೆ ಹೇಗೂ ಬಂದು ಹೋಗುತ್ತದೆ.

ನಮ್ಮ ಜಗಲಿಯಲ್ಲಿ ಒಂಬತ್ತು ಜನಕ್ಕಿಂತ ಜಾಸ್ತಿ ಹಿಡಿಯುವುದಿಲ್ಲ. ವಿರಾಜಪೇಟೆ, ಗೋಣಿಕೊಪ್ಪ, ಸೋಮವಾರಪೇಟೆ, ಕುಶಾಲನಗರದ ಕಡೆ ಈ ಕಕ್ಕಡದಲ್ಲಿ ಭಾನುವಾರ ಮಧ್ಯಾಹ್ನ ಎರಡು ಗಂಟೆ ಹೊತ್ತು ಒಂದು ಕೋಣೆ ಬಿಟ್ಟುಕೊಡುವವರಿದ್ದರೆ ನನಗೆ ತಿಳಿಸಿ. ಸೋರದ ಮಾಡು, ಒಂದು ಬೆಂಚು ಇದ್ದರೆ ಸಾಕು. ಮೊದಲ ಎರಡು ತಿಂಗಳು ನಮ್ಮಲ್ಲಿ ಇಬ್ಬರು ಬಂದು ಜೊತೆಗೆ ಕೂರುತ್ತೇವೆ. ಜೆರಾಕ್ಸ್ ಖರ್ಚು, ಪೆನ್ಸಿಲ್ ನಮ್ಮದು.