ಯುಗಾದಿಗೆ ಬಿತ್ತಬೇಡ ಅನ್ನುವ ಊರಲ್ಲಿ

ಯುಗಾದಿ ಬಂತೆಂದರೆ ನಮ್ಮ ಕಡೆಯವರ ಕೈ ಸುಮ್ನಿರುವುದಿಲ್ಲ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಹೊನ್ನಾರು ಕಟ್ಟುವುದು ಆಗಲೇ. ಆಮೇಲೆ ಅಶ್ವಿನಿ, ಭರಣಿ ಅಂತ ಮಳೆ ಎಣಿಸುತ್ತಾ ಕೂರುತ್ತೇವೆ. ‘ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ’ ಅಂತ ಗಾದೆಯೇ ಇದೆ. ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಕಡೆ ಒಂದು ಅಲಾಟ್‌ಮೆಂಟ್ ಹಿಡಿದ ಮೇಲೆ ನನ್ನ ಈ ಲೆಕ್ಕವೆಲ್ಲ ತಲೆಕೆಳಗಾಯಿತು. ಇಲ್ಲಿ ಮಳೆ ಕರೆಯದೆಯೇ ಬರುತ್ತದೆ. ಕಾಯಬೇಕಾದ್ದು ಚಳಿ ಹೋಗುವುದಕ್ಕೆ.

ಅಲಾಟ್‌ಮೆಂಟ್ ಅಂದರೆ ತರಕಾರಿ, ಹಣ್ಣು ಬೆಳೆದುಕೊಳ್ಳಲು ಊರಿನ ಕೌನ್ಸಿಲ್ ಬಾಡಿಗೆಗೆ ಕೊಡುವ ತುಂಡು ಜಮೀನು. ಹಳೇ ಲೆಕ್ಕದಲ್ಲಿ ಒಂದು ಪೂರ್ತಿ ಪ್ಲಾಟು ಸುಮಾರು 250 ಚದರ ಮೀಟರ್. ಬೆಂಗಳೂರಿನವರಿಗೆ ಹೇಳುವುದಾದರೆ ಎರಡು 30x40 ಸೈಟಿಗಿಂತ ಜಾಸ್ತಿ! ಈಗ ಹೊಸಬರಿಗೆ ಅರ್ಧವೇ ಸಿಗುವುದು ಹೆಚ್ಚು. ಅದಕ್ಕೂ ಕಾಯುವವರ ಪಟ್ಟಿ ಉದ್ದ ಇರುತ್ತದೆ.

ಮಾರ್ಚ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಸಂಜೆ ಕೆಲಸ ಮುಗಿಸಿ ಬಂದರೂ ಬೆಳಕಿರುತ್ತದೆ. ಡ್ಯಾಫೊಡಿಲ್ ಹೂವು, ಹಕ್ಕಿಗಳ ಕೂಗು, ಸ್ವಲ್ಪ ಬಿಸಿಲು. ಎಲ್ಲರಿಗೂ ಹುಮ್ಮಸ್ಸು. ಆದರೆ ನಮ್ಮ ಕಡೆಯದು ಜೇಡಿ ಮಣ್ಣು. ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ತಣ್ಣಗೆ, ಅಂಟಂಟು. ಗುದ್ದಲಿ ಹಾಕಿದರೆ ಬೂಟಿಗೆ ಎರಡು ಕಿಲೋ ಮಣ್ಣು ಮೆತ್ತಿಕೊಳ್ಳುತ್ತದೆ. ಪಕ್ಕದ ಪ್ಲಾಟಿನ ತಾತನದು ಒಂದೇ ಮಾತು: ‘ಮಣ್ಣು ಮುಟ್ಟಿ ನೋಡು. ಕೈ ತಣ್ಣಗಾದರೆ ಮನೆಗೆ ಹೋಗು.’

ಆಲೂಗಡ್ಡೆಗೆ ಮಾತ್ರ ವಿನಾಯಿತಿ. ಬಿತ್ತನೆ ಗಡ್ಡೆಗಳನ್ನು ಮೊಟ್ಟೆ ಟ್ರೇಯಲ್ಲಿ ಕಿಟಕಿ ಪಕ್ಕ ಇಟ್ಟು ಮೊಳಕೆ ಬರಿಸಿ, ಗುಡ್ ಫ್ರೈಡೇ ಹೊತ್ತಿಗೆ ನೆಡುವುದು ಇಲ್ಲಿಯ ಹಳೇ ರೂಢಿ. ಎಲೆ ಮೇಲೆ ಬರುವುದರೊಳಗೆ ಮೇ ತಿಂಗಳಾಗುತ್ತದೆ. ಗಂಡಾಂತರ ಇರುವುದೂ ಆಗಲೇ. ಹಗಲೆಲ್ಲ ಬಿಸಿಲು, ರಾತ್ರಿ ಆಕಾಶ ಸ್ವಚ್ಛ, ಗಾಳಿಯಿಲ್ಲ. ಅಂಥ ರಾತ್ರಿಯೇ ಫ್ರಾಸ್ಟ್, ಅಂದರೆ ಗಿಡ ಸುಡುವ ಹಿಮ, ಬೀಳುವುದು. ಬೆಳಿಗ್ಗೆ ಹೋಗಿ ನೋಡಿದರೆ ಎಲೆಯೆಲ್ಲ ಕಪ್ಪಗೆ ಜೋತುಬಿದ್ದಿರುತ್ತದೆ. ಆಲೂಗಡ್ಡೆ ಮತ್ತೆ ಚಿಗುರುತ್ತದೆ. ಬೀನ್ಸು, ಕುಂಬಳ, ಟೊಮ್ಯಾಟೊ ಸಸಿ ಹೋದರೆ ಹೋದವೇ.

ಹವಾಮಾನದವರು ‘ಇವತ್ತು ರಾತ್ರಿ ಫ್ರಾಸ್ಟ್’ ಅಂದ ಸಂಜೆ ನೋಡಬೇಕು. ಅಕ್ಕಪಕ್ಕದ ಪ್ಲಾಟಿನವರೆಲ್ಲ ಓಡೋಡಿ ಬರುತ್ತಾರೆ. ಒಬ್ಬರು ಸಸಿ ಮೇಲೆ ಮಣ್ಣೆಳೆಯುತ್ತಿರುತ್ತಾರೆ, ಇನ್ನೊಬ್ಬರು ಹಳೇ ಪರದೆ ಹೊದಿಸುತ್ತಿರುತ್ತಾರೆ. ಅಂಗಡಿಯ ಬಿಳೀ ಫ್ಲೀಸ್ ಬಟ್ಟೆ ಸಾಲದೆ ನಾನು ಹಳೇ ಪಂಚೆ ಎರಡು ತಂದು ಹಾಸಿ ನಾಲ್ಕು ಮೂಲೆಗೂ ಇಟ್ಟಿಗೆ ಹೇರಿದೆ. ಜರಿ ಅಂಚು ನೋಡಿ ತಾತನಿಗೆ ಸೋಜಿಗ. ‘ನಿಮ್ಮ ಆಲೂಗಡ್ಡೆ ಮದುವೆಗೆ ಹೊರಟಿದೆಯಾ?’ ಅಂದರು. ಬೆಳಿಗ್ಗೆ ಪಂಚೆ ಸೆಟೆದು ನಿಂತಿತ್ತು. ಅಡಿಯ ಎಲೆ ಹಸಿರಾಗೇ ಇತ್ತು.

ಚಳಿ ಬಿಟ್ಟರೆ ಸ್ಲಗ್ ಶುರು. ನಮ್ಮ ಬಸವನಹುಳುವೇ, ಚಿಪ್ಪಿಲ್ಲ ಅಷ್ಟೆ. ಒಂದು ರಾತ್ರಿ ಮಳೆ ಬಂದರೆ ಒಂದು ಸಾಲು ಲೆಟ್ಯೂಸ್ ಮಾಯ. ಕೋಸಿಗೆ ಬಲೆ ಹಾಕದಿದ್ದರೆ ಪಾರಿವಾಳದ ಪಾಲು. ಬೈಂಡ್‌ವೀಡ್ ಬಳ್ಳಿಯ ಬೇರು ಒಂದು ಚೂರು ಉಳಿದರೂ ಮತ್ತೆ ಹಬ್ಬುತ್ತದೆ. ಅದರ ವಿಷಯ ಮಾತಾಡದಿರುವುದೇ ವಾಸಿ.

ಇನ್ನೊಂದು ವಿಚಿತ್ರ. ಏಪ್ರಿಲ್, ಮೇನಲ್ಲಿ ಎಲ್ಲ ಹಸಿರು, ಆದರೆ ತಿನ್ನಲು ಹೆಚ್ಚೇನೂ ಇಲ್ಲ. ಚಳಿಗಾಲದ ಕೋಸು, ಈರುಳ್ಳಿ ಜಾತಿಯ ಲೀಕ್ ಮುಗಿದಿರುತ್ತದೆ, ಹೊಸದು ಇನ್ನೂ ಸಸಿ. ನಮ್ಮಲ್ಲಿ ಅದೇ ಹೊತ್ತಿಗೆ ಮಾವಿನಕಾಯಿ, ಹಲಸು, ಮಲ್ಲಿಗೆ ಅಂತ ಸಂತೆ ತುಂಬಿ ತುಳುಕುತ್ತದೆ. ಇಲ್ಲಿ ಹಾಳೂರಿಗೆ ಉಳಿದವನೇ ಗೌಡ ಅನ್ನುವ ಹಾಗೆ ರೂಬಾರ್ಬ್ ಮೆರೆಯುತ್ತದೆ. ಕೆಂಪು ದಂಟು, ಹಲ್ಲು ಚುಳ್ಳೆನ್ನುವ ಹುಳಿ. ಎಲೆ ವಿಷ, ತಿನ್ನಬಾರದು. ಇಂಗ್ಲಿಷರು ಸಕ್ಕರೆ ಸುರಿದು ಬೇಯಿಸುತ್ತಾರೆ. ನಮ್ಮನೆಯಲ್ಲಿ ಹುಣಸೆಹಣ್ಣಿನ ಬದಲು ಅದನ್ನೇ ಹಾಕಿ, ಬೆಲ್ಲ, ಮೆಣಸಿನಪುಡಿ, ಸಾಸಿವೆ ಒಗ್ಗರಣೆ ಕೊಟ್ಟು ಗೊಜ್ಜು ಮಾಡುತ್ತೇವೆ. ಯುಗಾದಿಯ ಮಾವಿನಕಾಯಿ ಚಿತ್ರಾನ್ನಕ್ಕೆ ಇದು ಸಮ ಅಲ್ಲ, ಆದರೂ ಅನ್ನಕ್ಕೆ ಒಗ್ಗುತ್ತದೆ.

ಅವರೆಕಾಯಿಯ ಚಪಲ ಮಾತ್ರ ತೀರುವುದಿಲ್ಲ. ನಾಟಿ ಅವರೆ ಹೂ ಬಿಡುವುದು ಹಗಲು ಚಿಕ್ಕದಾಗತೊಡಗಿದ ಮೇಲೆ. ಇಲ್ಲಿ ಜೂನ್ ತಿಂಗಳ ಹಗಲು 16 ಗಂಟೆಗೂ ಹೆಚ್ಚು. ಹೂ ಬರುವ ಹೊತ್ತಿಗೆ ಚಳಿ ವಾಪಸ್ಸು ಬಂದಿರುತ್ತದೆ. ಅದಕ್ಕೇ ಬ್ರಾಡ್ ಬೀನ್ಸ್ ಹಾಕುತ್ತೇವೆ. ವಸಂತದಲ್ಲಿ ಅದರ ತುದಿಗೆ ಕಪ್ಪು ಹೇನು ಹತ್ತುತ್ತದೆ, ಹತ್ತುವ ಮೊದಲೇ ಕುಡಿ ಚಿವುಟಬೇಕು. ಆ ಕುಡಿ ಪಲ್ಯಕ್ಕೆ ಬಲು ರುಚಿ. ಕಾಳು ಬಂದ ಮೇಲೆ ಬಿಸಿನೀರಿಗೆ ಹಾಕಿ ತೆಗೆದು ಒಂದೊಂದಾಗಿ ಹಿತುಕಿದರೆ ಸಿಪ್ಪೆ ಕಳಚಿ ಹಸಿರು ಬೇಳೆ ಹೊರಗೆ ಹಾರುತ್ತದೆ. ಹಿತಕಬೇಳೆ ಸಾರು ರೆಡಿ. ಸೊಗಡು ಮಾತ್ರ ಇಲ್ಲ.

ವಿಡಿಯೋದಲ್ಲಿ ಪ್ಲಾಟ್ ತೋರಿಸಿದಾಗ ಅಮ್ಮ ಕೇಳುವುದು, ‘ಅಲ್ಲಪ್ಪಾ, ಇಷ್ಟು ಒದ್ದಾಡೋದಕ್ಕೆ ಬಾಡಿಗೆ ಬೇರೆ ಕೊಡ್ತೀಯಾ?’ ತುಮಕೂರಿನ ನಮ್ಮ ಹಿತ್ತಲಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಬಚ್ಚಲ ನೀರು ಹರಿಯುವ ಕಡೆ ಬಾಳೆ, ಬಸಳೆ. ಮೂಲೆಯಲ್ಲಿ ನುಗ್ಗೆ, ಕರಿಬೇವು. ಅಮ್ಮ ದಾರ ಹಿಡಿದು ಸಾಲು ಹಾಕಿದವಳಲ್ಲ, ಕೊತ್ತಂಬರಿ ಬೀಜ ಉಜ್ಜಿ ಚೆಲ್ಲಿದವಳು. ಇಲ್ಲಿ ಎಲ್ಲಕ್ಕೂ ನಿಯಮ. ಶೆಡ್ ಇಷ್ಟೇ ದೊಡ್ಡದಿರಬೇಕು, ಬೆಂಕಿ ಹಾಕುವುದಕ್ಕೆ ಕಟ್ಟುಪಾಡು, ಕಳೆ ಬೆಳೆದರೆ ಎಚ್ಚರಿಕೆಯ ಪತ್ರ. ವಸಂತದ ಏಟು ತಿಂದು ಕೈಬಿಟ್ಟವರ ಪ್ಲಾಟಿಗೆ ಆ ಪತ್ರ ಬಂದೇ ಬರುತ್ತದೆ.

ಆದರೆ ಆ ಹಿತ್ತಲು ಈಗ ಎಲ್ಲಿದೆ? ಅದರ ಮೇಲೆ ಮೂರಂತಸ್ತಿನ ಬಾಡಿಗೆ ಮನೆ ಎದ್ದಿದೆ. ಸ್ವಂತದ್ದು, ಹಾಗಾಗಿ ಮಾರಬಹುದಿತ್ತು, ಮಾರಿದೆವು. ಇಲ್ಲಿಯ ಪ್ಲಾಟು ಉಳಿದಿರುವುದು ನಾನು ಬೈದುಕೊಳ್ಳುವ ಅದೇ ಕಟ್ಟುಪಾಡಿನಿಂದ. ಬೇಡಿಕೆ ಇದ್ದರೆ ಕೌನ್ಸಿಲ್ ಜಾಗ ಒದಗಿಸಬೇಕು ಎಂದು 1908ರ ಕಾಯ್ದೆ ಹೇಳಿತು. ಅಲಾಟ್‌ಮೆಂಟಿಗೆಂದೇ ಪಡೆದ ಜಾಗವನ್ನು ಸರ್ಕಾರದ ಒಪ್ಪಿಗೆ ಇಲ್ಲದೆ ಮಾರುವ ಹಾಗಿಲ್ಲ ಎಂದು 1925ರ ಕಾಯ್ದೆ ಬೇಲಿ ಹಾಕಿತು.

ಬೆಂಗಳೂರಿನಲ್ಲಿ ಬಿಡಿಎ ಬಡಾವಣೆ ಮಾಡಿದರೆ ಪಾರ್ಕು, ಆಟದ ಮೈದಾನಕ್ಕೆ ಕನಿಷ್ಠ 15%, ನಾಗರಿಕ ಸೌಲಭ್ಯಕ್ಕೆ ಇನ್ನೂ 10% ಬಿಡಬೇಕೆಂದು 1976ರ ಕಾಯ್ದೆಯಲ್ಲೇ ಇದೆ. ಒಳ್ಳೆಯದೇ. ಆದರೆ ಪಾರ್ಕಿನಲ್ಲಿ ನಮಗಿರುವ ಹಕ್ಕು ಸುತ್ತು ಹಾಕುವುದಕ್ಕೆ ಮಾತ್ರ. ‘ಹೂ ಕೀಳಬಾರದು’ ಬೋರ್ಡು ಓದಿಕೊಂಡು ಬರುವುದು. ಅದೇ ಜಾಗದ ಒಂದು ಅಂಚನ್ನು ಮಡಿಗಳಾಗಿ ಮಾಡಿ, ಟೆರೇಸೂ ಇಲ್ಲದ ಬಾಡಿಗೆದಾರರಿಗೆ ಕೊಟ್ಟರೆ ಏನು ಗಂಟು ಹೋಗುತ್ತದೆ? ನೀರೆಲ್ಲಿದೆ ಅಂತ ಕೇಳುತ್ತೀರಿ. ಅಮ್ಮನ ಬಸಳೆ ಬೆಳೆದಿದ್ದು ಬಚ್ಚಲ ನೀರಲ್ಲೇ ಅಲ್ವಾ? ಒತ್ತುವರಿ ಆಗುತ್ತದೆ ಅನ್ನುತ್ತೀರಿ. ಆ ಭಯ ನನಗೂ ಇದೆ. ಅದಕ್ಕೇ ವರ್ಷದ ಕರಾರು, ಬೆಳೆಯದಿದ್ದರೆ ವಾಪಸ್ಸು ಅನ್ನುವ ಆ ಹಾಳು ಪತ್ರ, ಎರಡೂ ಮೊದಲ ದಿನದಿಂದಲೇ ಇರಲಿ. ಯಾರಿಗೆ ಮಡಿ ಕೊಡಬೇಕು ಅನ್ನುವುದನ್ನು ಮಾತ್ರ ಕಾರ್ಪೊರೇಟರ್ ಕೈಗೆ ಬಿಡಬೇಡಿ, ಗೋಡೆಗೆ ಪಟ್ಟಿ ಅಂಟಿಸಿ.