ಮನೆಗಳ ನಡುವೆ ಆಫೀಸು ಕಟ್ಟುವವರೇ, ಪಕ್ಕದ ಕಿಟಕಿ ನೋಡಿದ್ದೀರಾ?

ಇಂದಿರಾನಗರ, ಕೋರಮಂಗಲ, ಎಚ್‌ಎಸ್‌ಆರ್ ಲೇಔಟ್ ಕಡೆ ಓಡಾಡುವವರಿಗೆ ಗೊತ್ತು. ಹಳೇ ಮನೆ ಕೆಡವಿ, ಎರಡು ಮನೆಗಳ ನಡುವಿನ ಅದೇ ಸೈಟಿನಲ್ಲಿ ನಾಲ್ಕು ಮಹಡಿ ಆಫೀಸು ಎಬ್ಬಿಸುವುದು ಬೆಂಗಳೂರಿನಲ್ಲಿ ಈಗ ಮಾಮೂಲಿ. ಆ ರಸ್ತೆಯಲ್ಲಿ ಆಫೀಸಿಗೆ ಅವಕಾಶ ಇದೆಯೋ ಇಲ್ಲವೋ ಅನ್ನುವ ಜಗಳ ಬೇರೆ, ಅದನ್ನು ಇಲ್ಲಿ ಎಳೆಯುವುದಿಲ್ಲ. ಇದೆ ಅಂತಲೇ ಇಟ್ಕೊಳ್ಳಿ. ಕಟ್ಟಡ ಹೇಗಿರಬೇಕು?

ನನ್ನ ಹತ್ತಿರ ಪ್ಲ್ಯಾನ್ ಮಾಡಿಸೋಕೆ ಬರುವ ಓನರ್‌ಗಳ ಬಾಯಲ್ಲಿ ಒಂದೇ ಮಾತು: "ಫುಲ್ ಫ್ಲೆಕ್ಸಿಬಲ್ ಆಗಿರ್ಲಿ ಸಾರ್. ಇವತ್ತು ಸಾಫ್ಟ್‌ವೇರ್‌ನೋರು ಇರ್ತಾರೆ, ನಾಳೆ ಡೆಂಟಲ್ ಕ್ಲಿನಿಕ್ ಬರಬಹುದು." ಕೇಳೋದರಲ್ಲಿ ತಪ್ಪಿಲ್ಲ. 2020ರಲ್ಲಿ ಖಾಲಿ ಬಿದ್ದ ಮಹಡಿಗಳನ್ನು ಎಲ್ಲರೂ ನೋಡಿದ್ದೇವಲ್ಲ. ಆದರೆ ಅವರ ಮನಸ್ಸಿನಲ್ಲಿರೋದು ಒಂದು ದೊಡ್ಡ ಹಾಲು, ನಾಲ್ಕೂ ಕಡೆ ಗಾಜು, ಮಿಕ್ಕಿದ್ದು ಬಾಡಿಗೆಗೆ ಬಂದವರು ನೋಡಿಕೊಳ್ಳಲಿ ಅನ್ನೋದು. ನನ್ನ ಪ್ರಕಾರ ಇದು ಉಲ್ಟಾ. ಒಳಗೆ ಎಷ್ಟು ಬೇಕಾದರೂ ಸಡಿಲ ಬಿಡಿ. ಪಕ್ಕದ ಮನೆ ಕಡೆಯ ಗೋಡೆಗಳನ್ನು ಮಾತ್ರ ಮೊದಲೇ ತೀರ್ಮಾನ ಮಾಡಿ, ಆಮೇಲೆ ಯಾರೂ ಮುಟ್ಟದ ಹಾಗೆ ಕಟ್ಟಿ.

ಇಂಥ ಯಾವುದಾದರೂ ಕಟ್ಟಡದ ಪಕ್ಕದ ಸಂದಿಯಲ್ಲಿ ನಿಂತು ತಲೆ ಎತ್ತಿ ನೋಡಿ. ಐದಡಿ ಜಾಗ. ಮಹಡಿಗೆ ಮೂರೋ ನಾಲ್ಕೋ ಏಸಿ ಔಟ್‌ಡೋರ್ ಯೂನಿಟ್‌ಗಳು. ಎಲ್ಲವೂ ಪಕ್ಕದ ಮನೆಯ ಬೆಡ್‌ರೂಮ್ ಕಿಟಕಿಗೇ ಬಿಸಿಗಾಳಿ ಊದುತ್ತಿರುತ್ತವೆ. ಹಳೇ ಬಾಡಿಗೆದಾರರು ಹೋಗುವಾಗ ಯೂನಿಟ್ ಬಿಚ್ಚಿಕೊಂಡು ಹೋಗುತ್ತಾರೆ, ಗೋಡೆಯಲ್ಲಿ ತೂತು ಉಳಿಯುತ್ತದೆ. ಹೊಸಬರು ಬಂದು ಇನ್ನೊಂದು ಕಡೆ ಡ್ರಿಲ್ ಮಾಡುತ್ತಾರೆ. ಡ್ರೈನ್ ಪೈಪಿನ ನೀರು ಕಾಂಪೌಂಡ್ ಆಚೆ, ಅವರ ಸಂಪಿನ ಮುಚ್ಚಳದ ಮೇಲೆ ಟಪ್ ಟಪ್ ಅಂತ ಬೀಳುತ್ತದೆ. ಆ ಮನೆಯವರು ಕಿಟಕಿ ತೆಗೆಯೋದನ್ನೇ ಬಿಟ್ಟಿರುತ್ತಾರೆ. ಓನರ್ ಹೇಳುವ ಫ್ಲೆಕ್ಸಿಬಲ್‌ಗೆ ದಂಡ ಕಟ್ಟುತ್ತಿರುವುದು ಇವರು, ಅಲ್ವಾ?

ಇದಕ್ಕೆ ದೊಡ್ಡ ವಿದ್ಯೆ ಏನೂ ಬೇಡ. ಮೆಟ್ಟಿಲು, ಲಿಫ್ಟು, ಟಾಯ್ಲೆಟ್, ಪೈಪಿನ ಡಕ್ಟ್ ಎಲ್ಲವನ್ನೂ ಒಂದು ಪಕ್ಕದ ಗೋಡೆಗೆ ಸೇರಿಸಿ. ಆ ಕಡೆ ಇಣುಕುವವರೇ ಇರುವುದಿಲ್ಲ. ಇನ್ನೊಂದು ಪಕ್ಕದಲ್ಲಿ ಕಿಟಕಿಯನ್ನು ಐದೂವರೆ ಅಡಿ ಮೇಲಿಂದ ಶುರು ಮಾಡಿ. ಬೆಳಕು, ಗಾಳಿ ಬರುತ್ತದೆ, ಕೂತವರಿಗೆ ಪಕ್ಕದ ಅಡುಗೆಮನೆ ಕಾಣುವುದಿಲ್ಲ. ಏಸಿ ಔಟ್‌ಡೋರ್ ಯೂನಿಟ್‌ಗಳೆಲ್ಲ ಟೆರೇಸ್ ಮಧ್ಯದಲ್ಲಿರಲಿ, ಅವುಗಳ ಪೈಪು ಡಕ್ಟ್ ಮೂಲಕ ಹೋಗಲಿ. "ಕತ್ತಲಾಗಲ್ವಾ?" ಅಂತ ಕೇಳ್ತಾರೆ. ನಲವತ್ತು–ಅರವತ್ತು ಅಡಿಯ ಸೈಟು ಅಂದರೆ ಉದ್ದ 18 ಮೀಟರ್. ಹಿಂದೆ ಮುಂದೆ ಬಿಟ್ಟ ಮೇಲೆ 13–14 ಮೀಟರ್ ಉಳಿಯುತ್ತದೆ. ಒಳ್ಳೇ ಕಿಟಕಿಯಿಂದ ಕೆಲಸಕ್ಕೆ ಸಾಕಾಗುವಷ್ಟು ಬೆಳಕು ಸುಮಾರು 6 ಮೀಟರ್ ಒಳಗೆ ಬರುತ್ತದೆ. ಹಿಂದೆ ಮುಂದೆ ಎರಡೂ ಕಡೆಯ ಕಿಟಕಿ ಸೇರಿ 12. ನಡುವೆ ಉಳಿದ ಜಾಗದಲ್ಲಿ ಪ್ರಿಂಟರ್, ಬೀರು ಇಡಿ.

ಜನರೇಟರ್ ವಿಷಯದಲ್ಲಂತೂ ಜನ ಕಾಗದ ತೋರಿಸಿ ಬಾಯಿ ಮುಚ್ಚಿಸುತ್ತಾರೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್. ಆದರೆ ಶಬ್ದ ತಡೆಯುವ ಡಬ್ಬಿಯೊಳಗಿರುವ ಡೀಸೆಲ್ ಜನರೇಟರ್‌ಗೆ ಒಂದು ಮೀಟರ್ ದೂರದಲ್ಲಿ 75ರ ತನಕ ಮಾನ್ಯತೆ ಇದೆ. ಅಂದರೆ ಜನರೇಟರ್ ಲೆಕ್ಕದಲ್ಲಿ ಸರಿ, ಸಂದಿಯಲ್ಲಿಟ್ಟರೆ ಪಕ್ಕದವರ ಪಾಲಿಗೆ ತಪ್ಪು. ರಸ್ತೆ ಕಡೆ ಇಡಿ. ಮುಂಭಾಗದ ಅಂದ ಸ್ವಲ್ಪ ಕೆಡುತ್ತದೆ, ಕೆಡಲಿ.

ಬಿಸಿಲಿನ ಲೆಕ್ಕವನ್ನೂ ಯಾರೂ ಹಾಕುವುದಿಲ್ಲ. ಡಿಸೆಂಬರ್‌ನಲ್ಲಿ ನಮ್ಮ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. 15 ಮೀಟರ್ ಎತ್ತರದ ಕಟ್ಟಡದ ನೆರಳು ಆಗ ನೆಲದ ಮೇಲೆ ಉತ್ತರಕ್ಕೆ ಸುಮಾರು 11 ಮೀಟರ್ ಚಾಚುತ್ತದೆ. ಉತ್ತರದ ಮನೆಯ ಟೆರೇಸ್ ಮೇಲೆ ನೆರಳು ಬೀಳುವ ಕಡೆ ಸೋಲಾರ್ ವಾಟರ್ ಹೀಟರ್ ಇದ್ದರೆ ಚಳಿಗಾಲದಲ್ಲೇ ನೀರು ಸರಿಯಾಗಿ ಕಾಯುವುದಿಲ್ಲ. ಆ ಕಡೆ ಮೇಲಿನ ಮಹಡಿಯನ್ನು ಹಿಂದೆ ಸರಿಸಿದರೆ ಒಂದಿಷ್ಟು ಬಾಡಿಗೆ ಹೋಗುತ್ತದೆ, ನಿಜ. (ಹಾಗೆ ಸಿಕ್ಕ ಟೆರೇಸನ್ನು ಶುಕ್ರವಾರದ ಪಾರ್ಟಿಗೆ ಕೊಡಬೇಡಿ ಮತ್ತೆ!)

ಇನ್ನು ನಿಜವಾದ ಫ್ಲೆಕ್ಸಿಬಲ್ ಅಂದರೆ ಈ ಆಫೀಸು ನಾಳೆ ಮನೆಯೂ ಆಗಬೇಕು. ಜಿಪ್ಸಮ್ ಪಾರ್ಟಿಷನ್ ಯಾರು ಬೇಕಾದರೂ ಸರಿಸ್ತಾರೆ, ಅದೇನು ಮಹಾ. ಸ್ಲ್ಯಾಬ್ ಹಾಕುವಾಗಲೇ ಡಕ್ಟ್ ಪಕ್ಕ ಎರಡು ಮೂರು ಕಡೆ ಸಂಕ್ ಸ್ಲ್ಯಾಬ್ (ಸುತ್ತಲಿನ ನೆಲಕ್ಕಿಂತ ತಗ್ಗಾಗಿ ಹಾಕುವ ಸ್ಲ್ಯಾಬ್) ಬಿಟ್ಟು, ಸದ್ಯಕ್ಕೆ ತುಂಬಿಸಿ ಮೇಲೆ ಟೈಲ್ಸ್ ಹಾಕಿಬಿಡಿ. ಮುಂದೆ ಬಾತ್‌ರೂಮ್ ಬೇಕಾದಾಗ ಅಷ್ಟು ಜಾಗ ಮಾತ್ರ ಒಡೆದರೆ ಸಾಕು, ಕೆಳಗಿನ ಮಹಡಿಯವರ ತಲೆ ಮೇಲೆ ಪೈಪು ನೇತಾಡುವುದಿಲ್ಲ. ಮುಂದೆ ಹಿಂದೆ ಇಡೀ ಗಾಜಿನ ಗೋಡೆ ಬೇಡ, ತೆರೆದು ಮುಚ್ಚುವ ಕಿಟಕಿ ಇರಲಿ. ಆಗ ಒಂದು ಮಹಡಿ ಎರಡು ಮನೆಯಾಗಬಹುದು, ಪೀಜಿಯೂ ಆಗಬಹುದು.

ನಮ್ಮ ಡ್ರಾಯಿಂಗ್‌ಗಳಲ್ಲಿ ಪಕ್ಕದ ಮನೆ ಅಂದರೆ ಒಂದು ಗೆರೆ, ಅದರಾಚೆ ಸೈಟ್ ನಂಬರ್, ಅಷ್ಟೇ. ಆ ಗೆರೆ ಆಚೆ ಯಾವ ಕಿಟಕಿ ಬೆಡ್‌ರೂಮಿನದು, ಯಾವುದು ಅಡುಗೆಮನೆಯದು, ಸೋಲಾರ್ ಎಲ್ಲಿದೆ ಅಂತ ಪ್ಲ್ಯಾನ್ ಸ್ಯಾಂಕ್ಷನ್‌ಗೆ ಕೊಡುವ ಮುಂಚೆಯೇ ಗುರುತು ಹಾಕಿಸಿ. ಆರ್ಕಿಟೆಕ್ಟ್‌ನ ಕರೆದುಕೊಂಡು ಒಂದು ಭಾನುವಾರ ಪಕ್ಕದವರ ಮನೆ ಬೆಲ್ ಒತ್ತಿ. ಕೆಲಸ ಶುರುವಾಗಿ ಜಲ್ಲಿ ಲಾರಿ ಗೇಟಿಗೆ ಅಡ್ಡ ನಿಂತ ಮೇಲೆ ಹೋದರೆ ಯಾರೂ ಒಳಗೆ ಕರೆಯುವುದಿಲ್ಲ.